ಉಪ್ಪಿನ ಮೂಟೆ ಬೇಡ, ನಾರಿನ ಪುಡಿ ಸಾಕು

ಚೆನ್ನೈ ಅಪಾರ್ಟ್‌ಮೆಂಟುಗಳಲ್ಲಿ ಗಡಸು ನೀರಿಗೆ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ನೀರಿಗೆ, ಸಾಮಾನ್ಯ ಮದ್ದು ರೆಸಿನ್ (ಗಡಸುತನ ಹಿಡಿಯುವ ಸಣ್ಣ ಪ್ಲಾಸ್ಟಿಕ್ ಮಣಿಗಳು) ತುಂಬಿದ ಸಾಫ್ಟ್ನರ್. ಹಿಡಿತ ಮುಗಿದಾಗ ಲೀಟರ್ ರೆಸಿನ್ನಿಗೆ ಸುಮಾರು 100ರಿಂದ 150 ಗ್ರಾಂ ಉಪ್ಪು ಕರಗಿಸಿ ಹಾಯಿಸಿದರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಆ ಉಪ್ಪುನೀರು ಚರಂಡಿ ಸೇರುತ್ತದೆ. ಇದನ್ನೇ ಮಂಡ್ಯ ಜಿಲ್ಲೆಯ ನಾಗಮಂಗಲ, ಮಳವಳ್ಳಿ ಕಡೆಯ ಬೋರ್‌ವೆಲ್ ಮನೆಗಳಿಗೆ ತರುವುದು ನನಗೆ ಒಪ್ಪಿಗೆಯಿಲ್ಲ. ಹಳ್ಳಿಯಲ್ಲಿ ಬಚ್ಚಲ ನೀರು ಹೋಗುವುದು ಬಾಳೆ, ತೆಂಗಿನ ಬುಡಕ್ಕೆ. ಉಪ್ಪು ಕುಡಿದ ಮಣ್ಣು ಬೇಗ ಕೆಡುತ್ತದೆ.

ರೆಸಿನ್ ಬದಲು ಊರಲ್ಲೇ ಸಿಗುವ ನಾರು ಯಾವುದು? ಮಂಡ್ಯ ಅಂದಕೂಡಲೇ ಕಬ್ಬಿನ ಸಿಪ್ಪೆ ನೆನಪಾಗುತ್ತದೆ. ಆದರೆ ಆಲೆಮನೆಯಲ್ಲಿ ಅದು ಕಸವಲ್ಲ, ಒಲೆಯ ಉರುವಲು. ನಿಜಕ್ಕೂ ಬಿದ್ದು ಹಾಳಾಗುವುದು ತೆಂಗಿನ ನಾರಿನ ಪುಡಿ. ಅದು ಕ್ಯಾಲ್ಸಿಯಂ ಹಿಡಿಯುತ್ತದೆ ಅನ್ನುವುದು ನರ್ಸರಿಯವರಿಗೆ ಗೊತ್ತು. ಕೋಕೋಪೀಟನ್ನು (ಗಿಡ ಬೆಳೆಸಲು ಬಳಸುವ ಇದೇ ಪುಡಿ) ಮೊದಲು ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ನೆನೆಸುವುದೇ ಅದಕ್ಕೆ; ಇಲ್ಲದಿದ್ದರೆ ಗೊಬ್ಬರದ ಕ್ಯಾಲ್ಸಿಯಂ ಎಳೆದುಕೊಂಡು ಪೊಟ್ಯಾಸಿಯಂ, ಸೋಡಿಯಂ ಬಿಡುತ್ತದೆ. ಗಿಡಕ್ಕೆ ತೊಂದರೆ ಕೊಡುವ ಆ ಗುಣವೇ ನಮಗೆ ಬೇಕಾದದ್ದು.

ಪುಡಿಯನ್ನು ಇದ್ದ ಹಾಗೇ ಬಳಸಿದರೆ ಹಿಡಿತ ಕಡಿಮೆ, ಕಂದು ಬಣ್ಣವನ್ನೂ ಬಿಡುತ್ತದೆ. ಹಾಗಾಗಿ ಬಿಸಿನೀರಿನಲ್ಲಿ ನಾಲ್ಕೈದು ಸಲ ತೊಳೆದು ಒಣಗಿಸಿ. 100 ಗ್ರಾಂ ಪುಡಿಗೆ 700 ಮಿ.ಲೀ. ನೀರು, 80 ಗ್ರಾಂ ಸಿಟ್ರಿಕ್ ಆಸಿಡ್. ಎರಡು ಗಂಟೆ ನೆನೆಸಿ, ಸೋಸಿ, ಬಿಸಿಲಲ್ಲಿ ಗರಿಗರಿ ಒಣಗಿಸಿ, ಓವನ್ನಿನಲ್ಲಿ ತೆಳ್ಳಗೆ ಹರಡಿ 120 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಡಿ. ಆಸಿಡ್ ನಾರಿಗೆ ಕಚ್ಚಿಕೊಳ್ಳುವುದು ಈ ಶಾಖದಲ್ಲೇ. ಒದ್ದೆ ಉಳಿದರೆ ಕಚ್ಚುವುದಿಲ್ಲ, ಶಾಖ ಮಿತಿಮೀರಿದರೆ ಪುಡಿ ಸೀಯುತ್ತದೆ. ಆಮೇಲೆ ಹುಳಿ ಹೋಗುವಷ್ಟು ತೊಳೆದು, ಲೀಟರ್ ನೀರಿಗೆ 30 ಗ್ರಾಂ ಅಡಿಗೆ ಸೋಡಾ ಬೆರೆಸಿ, ನೊರೆ ನಿಲ್ಲುವ ತನಕ ಅದರಲ್ಲಿಡಿ. ಇದನ್ನು ಬಿಟ್ಟರೆ ಹೊರಬರುವ ನೀರು ಹುಳಿಯಾಗಿ ಪೈಪು ತಿನ್ನುತ್ತದೆ.

ಲೆಕ್ಕ ನೋಡಿ. ಒಂದು ಗ್ರಾಂ ಪುಡಿ 25 ಮಿ.ಗ್ರಾಂ ಗಡಸುತನ ಹಿಡಿಯಿತು ಅನ್ನೋಣ. ಲೀಟರಿಗೆ 500 ಮಿ.ಗ್ರಾಂ ಗಡಸುತನ ಇರುವ ನೀರನ್ನು 100ಕ್ಕೆ ಇಳಿಸಬೇಕಾದರೆ ಕಿಲೋ ಪುಡಿಗೆ 60 ಲೀಟರ್ ಚಿಲ್ಲರೆ ಸಿಗುತ್ತದೆ. ರೆಸಿನ್ನಿಗೆ ಇದು ಸಮವಲ್ಲ, ಜಾಗವೂ ಹೆಚ್ಚು ಬೇಕು. ಡ್ರಮ್ಮಿನಲ್ಲಿ ಅಡಿಗೂ ಮೇಲಕ್ಕೂ ಬಟ್ಟೆ, ಜಲ್ಲಿ ಹಾಕಿ, ನೀರನ್ನು ಕೆಳಗಿನಿಂದ ನಿಧಾನಕ್ಕೆ ಏರಿಸಿ. ಮೇಲಿಂದ ಸುರಿದರೆ ಪುಡಿ ಅಮರಿ, ನೀರು ಸಂದಿನಲ್ಲಿ ದಾರಿ ಮಾಡಿಕೊಂಡು ಗಡಸಾಗಿಯೇ ಹೊರಬರುತ್ತದೆ. ಸೋಪು ನೊರೆ ಕಟ್ಟದೆ ಒಡೆದರೆ ಪುಡಿ ತುಂಬಿತು ಅಂತ ತಿಳಿಯಿರಿ.

ಈ ನಾರು ಹಿಡಿದ ಕ್ಯಾಲ್ಸಿಯಂ ಉಪ್ಪುನೀರಿಗೆ ಸುಲಭವಾಗಿ ಬಿಡುವುದಿಲ್ಲ. ನೀರು ಬೆರೆಸಿದ ವಿನೆಗರ್ ಹಾಯಿಸಿ, ತೊಳೆದು, ಮತ್ತೆ ಸೋಡಾ ಕೊಡಿ. ವಿನೆಗರ್ ಹಾಯಿಸಿದ ನೀರಲ್ಲಿ ಕ್ಯಾಲ್ಸಿಯಂ ಜೊತೆಗೆ ಉಳಿದ ವಿನೆಗರೂ ಇರುತ್ತದೆ. ಇನ್ನಷ್ಟು ನೀರು ಬೆರೆಸಿ ತೆಂಗಿನ ಬುಡಕ್ಕೆ ಹಾಕಬಹುದು. ಸೋಡಾ ನೀರನ್ನು ಗಿಡಕ್ಕೆ ಬಿಡಬೇಡಿ.

ಒದ್ದೆ ಪುಡಿಯನ್ನು ಸುಮ್ಮನೆ ಬಿಟ್ಟರೆ ಬೂಸ್ಟು ಹಿಡಿದು ನಾರುತ್ತದೆ. ಆದ್ದರಿಂದ ಇದು ಬಟ್ಟೆ ಒಗೆಯಲು, ಗೀಸರಿಗೆ. ಕುಡಿಯಲು ಖಂಡಿತ ಬೇಡ. ನನ್ನ ಮಾತು ಕೇಳುವುದಾದರೆ ಮೊದಲು ಹಾಸ್ಟೆಲಿನ ಬಟ್ಟೆ ಒಗೆಯುವ ಜಾಗದಲ್ಲಿ ಎರಡು ಡ್ರಮ್ ಇಡಿ: ಒಂದು ನಡೆಯುತ್ತಿರಲಿ, ಇನ್ನೊಂದು ತೊಳೆದು ಒಣಗುತ್ತಿರಲಿ.