ಮಾರಾಟ ಏರಿದರೆ ಸಾಲದು

ವಿನೈಲ್ ರೆಕಾರ್ಡ್, ಅಂದರೆ ಪ್ಲಾಸ್ಟಿಕ್ಕಿನ ಹಾಡಿನ ತಟ್ಟೆ, ಮರಳಿ ಬಂದಿದೆ, ಉದ್ಯಮಕ್ಕೆ ಇನ್ನು ಚಿಂತೆಯಿಲ್ಲ ಎಂಬ ಲೇಖನದ ಮಾತನ್ನು ನಾನು ಒಪ್ಪಲಾರೆ. ಮಾರಾಟ ಏರಿದ್ದು ನಿಜ. 2022ರಲ್ಲಿ ಅಮೆರಿಕದಲ್ಲಿ ಸಿಡಿಗಳಿಗಿಂತ ಹೆಚ್ಚು ವಿನೈಲ್ ಖರ್ಚಾದವು, 1987ರ ನಂತರ ಇದೇ ಮೊದಲು. ಆದರೆ ತಯಾರಿಕೆಯ ಬುಡ ನೋಡಿ. ಧ್ವನಿಯನ್ನು ಸಾಮಾನ್ಯವಾಗಿ ಕೊರೆಯುವುದು ಅಲ್ಯೂಮಿನಿಯಂ ತಟ್ಟೆಯ ಮೇಲಿನ ಲ್ಯಾಕರ್ ಎಂಬ ಮೆತ್ತನೆಯ ಲೇಪದ ಪದರದಲ್ಲಿ. ಅದಕ್ಕೆ ತೆಳುವಾಗಿ ಬೆಳ್ಳಿ ಲೇಪಿಸಿ, ನಿಕ್ಕಲ್ ದ್ರಾವಣದಲ್ಲಿಟ್ಟು ಅಚ್ಚು ತೆಗೆಯುತ್ತಾರೆ. ಕಾಯಿಸಿದ ಪಿವಿಸಿ ಪ್ಲಾಸ್ಟಿಕ್ ಮುದ್ದೆಯನ್ನು ಎರಡು ಅಚ್ಚುಗಳ ನಡುವೆ ಒತ್ತಿ, ತಣಿಸಿ, ಅಂಚು ಕತ್ತರಿಸಿದರೆ ರೆಕಾರ್ಡ್ ಸಿದ್ಧ.

ಒತ್ತುವ ಯಂತ್ರಗಳನ್ನು ಈಗ ಹೊಸದಾಗಿ ತಯಾರಿಸುತ್ತಿದ್ದಾರೆ, ಸಂತೋಷ. ಆ ಮೂಲ ಲ್ಯಾಕರ್ ಡಿಸ್ಕಿನ ಕಥೆ ಬೇರೆ. ಅದನ್ನು ಪೂರೈಸುತ್ತಿದ್ದ ಪ್ರಮುಖ ಕಾರ್ಖಾನೆಗಳು ಜಗತ್ತಿನಲ್ಲಿ ಎರಡೇ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಬೆಂಕಿಗೆ ಆಹುತಿಯಾದ ಮೇಲೆ ಇಡೀ ಭಾರ ಜಪಾನಿನ ಒಂದು ಸಣ್ಣ ಕಂಪನಿಯ ಮೇಲೆ ಬಿತ್ತು. ತಾಮ್ರದ ಮೇಲೆ ನೇರ ಕೊರೆಯುವ ವಿಧಾನವೂ ಇದೆ, ಆದರೆ ಅಂಥ ಯಂತ್ರಗಳು ಬೆರಳೆಣಿಕೆಯಷ್ಟು. ಧ್ವನಿ ಕೊರೆಯುವ ಲೇತ್ ಯಂತ್ರಗಳಲ್ಲಿ ಹೆಚ್ಚಿನವು ದಶಕಗಳಷ್ಟು ಹಳೆಯವು. ಅವನ್ನು ರಿಪೇರಿ ಮಾಡಬಲ್ಲವರಿಗೂ ವಯಸ್ಸಾಗುತ್ತಿದೆ. ಅವರ ಕೈಕೆಳಗೆ ಹೊಸಬರು ಈಗಲೇ ಕಲಿಯಬೇಕು. ರೆಕಾರ್ಡ್ ಮಾರಿ ಲಾಭ ಮಾಡುತ್ತಿರುವ ದೊಡ್ಡ ಸಂಗೀತ ಕಂಪನಿಗಳೇ ಅದರ ಖರ್ಚು ಹೊರಲಿ.