ಪೊಲಿ ದೇವನಿಗೊಂದು ದೀರ್ಘ

ಕಳೆದ ಹುತ್ತರಿಗೆ, ಅಂದರೆ ಕೊಡಗಿನ ಸುಗ್ಗಿ ಹಬ್ಬಕ್ಕೆ, ಸ್ವಲ್ಪ ಮೊದಲು ನಮ್ಮ ಪತ್ರಿಕೆಯ ಮಡಿಕೇರಿ ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂತು. ಸುದ್ದಿ ನಿಜವೋ ಸುಳ್ಳೋ ನೋಡುವುದು ಅದರ ಕೆಲಸವಲ್ಲ. ಶೈಲಿ ಕೈಪಿಡಿಯಲ್ಲಿ ಇದ್ದಂತೆ ಬರೆದಿದ್ದೇವೋ ಇಲ್ಲವೋ, ಅಷ್ಟೇ. ತಪ್ಪಿದರೆ ಕೆಂಪು ಗೆರೆ, ಒಪ್ಪಿದರೆ ಹಸಿರು. ಹಸಿರಾಗದೆ ಸುದ್ದಿ ಪುಟಕ್ಕೆ ಹೋಗುವಂತಿಲ್ಲ.

ಸುಳ್ಳು ಯಾಕೆ ಹೇಳಲಿ, ಮೊದಮೊದಲು ಖುಷಿಯೇ ಆಗಿತ್ತು. ನಮ್ಮಲ್ಲಿ ಒಂದೇ ಪುಟದಲ್ಲಿ ವಿರಾಜಪೇಟೆ, ವೀರಾಜಪೇಟೆ, ವೀರರಾಜಪೇಟೆ ಮೂರೂ ಇರುತ್ತಿದ್ದವು. ಆ ಹೆಸರಿನ ಮೂಲಪುರುಷ ದೊಡ್ಡ ವೀರರಾಜೇಂದ್ರನೇ ಎದ್ದು ಬಂದರೂ ಯಾವ ಬಸ್ಸು ಹತ್ತಲಿ ಅಂತ ಕೇಳಬೇಕಿತ್ತು. ‘ರವರು’ ಅನ್ನುವ ಬಾಲ ಕಂಡಲ್ಲೆಲ್ಲ ಅದು ಕತ್ತರಿಸಿ ‘ಅವರು’ ಮಾಡಿತು. ಈ ಒಂದು ಕೆಲಸಕ್ಕೆ ಪೇಟ ತೊಡಿಸಿ ಸನ್ಮಾನ ಮಾಡಬಹುದು.

ಆಮೇಲೆ ಹುತ್ತರಿ ಬಂತು. ನಾನು ಬರೆದದ್ದು ಇಷ್ಟೇ: ಮನೆಮಂದಿಯೆಲ್ಲ ಸೇರಿ ನೆರೆ ಕಟ್ಟಿದರು, ಗದ್ದೆಗೆ ಹೋಗಿ ‘ಪೊಲಿ ಪೊಲಿ ದೇವಾ’ ಎನ್ನುತ್ತಾ ಕದಿರು ತೆಗೆದರು. ನೆರೆ ಅಂದರೆ ಇಲ್ಲಿ ಹಬ್ಬಕ್ಕೆ ಕಟ್ಟುವ ಎಲೆಗಳ ಕಟ್ಟು. ಕೈಪಿಡಿಯಲ್ಲಿ ‘ನೆರೆ ಬೇಡ, ಪ್ರವಾಹ ಎನ್ನಿ’ ಅಂತ ಇದೆಯಂತೆ. ಆದ್ದರಿಂದ ಮನೆಮಂದಿಯೆಲ್ಲ ಸೇರಿ ಪ್ರವಾಹ ಕಟ್ಟಿದರು. ಕೊಡಗಿನಲ್ಲಿ ಯಾರಾದರೂ ಅದನ್ನು ಕಟ್ಟಿಹಾಕಿದ್ದು ಅದೇ ಮೊದಲು. ‘ಪೊಲಿ’ ಅದರ ಪಟ್ಟಿಯಲ್ಲಿ ಇರಲಿಲ್ಲ, ‘ಪೋಲಿ’ ಇತ್ತು. ಸಮೃದ್ಧಿ ಕೊಡು ಅಂತ ಕೇಳಿಕೊಂಡ ದೇವರಿಗೆ ದೀರ್ಘ ಹಾಕಿ ಬೀದಿಗೆ ಬಿಟ್ಟಿತು. ಪುಣ್ಯಕ್ಕೆ ಪ್ರಿಂಟಿಗೆ ಹೋಗುವ ಮೊದಲು ನಮ್ಮ ಅಟೆಂಡರ್ ಓದಿದ. ‘ಸಾರ್, ಇದು ಹೀಗೇ ಹೋದ್ರೆ ನಾಳೆ ನಾನಂತೂ ಕೆಲಸಕ್ಕೆ ಬರಲ್ಲ’ ಅಂದ.

ಬೇಸಿಗೆಯಲ್ಲಿ ಕೊಡವ ಮನೆತನಗಳ ಹಾಕಿ ಪಂದ್ಯಾವಳಿ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಹಬ್ಬ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳಿದ್ದವು. ಒಂದೊಂದು ಮನೆತನಕ್ಕೆ ಒಂದೊಂದು ತಂಡ. ಕೈಪಿಡಿಯ ನಿಯಮವೋ, ಎರಡನೇ ಸಲ ಹೆಸರು ಬರೆಯುವಾಗ ಮನೆಹೆಸರು ಮಾತ್ರ ಸಾಕು. ಹೀಗಾಗಿ ಪಾಂಡಂಡ ಕೊಟ್ಟ ಪಾಸನ್ನು ಪಾಂಡಂಡ ಪಡೆದು ಪಾಂಡಂಡಗೆ ದಾಟಿಸಿದರು, ಪಾಂಡಂಡ ಗೋಲು ಹೊಡೆದರು, ಪಾಂಡಂಡ ಗಾಯಗೊಂಡು ಹೊರನಡೆದರು, ಅವರ ಬದಲಿಗೆ ಪಾಂಡಂಡ ಬಂದರು. ಪೂರ್ತಿ ಹಸಿರು. ಒಂದು ಕೆಂಪು ಗೆರೆ ಇಲ್ಲ.

ಈ ನಿಯಮಗಳೆಲ್ಲ ಎಲ್ಲಿಂದ ಬಂದವು ಅಂತ ಹುಡುಕಿದೆ. ಅರ್ಧದಷ್ಟು ಬಂದದ್ದು ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಕೈಪಿಡಿಯಿಂದ. ಒಂಬತ್ತರವರೆಗೆ ಅಕ್ಷರ, 10ರಿಂದ ಅಂಕಿ ಅನ್ನುವುದು ಅಲ್ಲಿಯದೇ. ನಮ್ಮ ಯಂತ್ರ ಅದನ್ನು ಶ್ರದ್ಧೆಯಿಂದ ಪಾಲಿಸಿ ‘ಹತ್ತಾರು ಮರ’ವನ್ನು ‘10ಆರು ಮರ’ ಮಾಡಿತು. ಪಾಪ, ಮೂಲದವರು ಇಷ್ಟು ಹಟಮಾರಿಗಳಲ್ಲ. ಜನ ಬರೆಯುವ ರೀತಿ ಬದಲಾಯಿತು ಅಂತ ಅವರು 2011ರಲ್ಲಿ ಇಮೇಲ್ ಪದದ ನಡುವಿನ ಅಡ್ಡಗೆರೆಯನ್ನೇ ತೆಗೆದುಹಾಕಿದರು. ನಾವು ‘ಪೊಲಿ’ಗಾಗಿ ಬೆಂಗಳೂರಿಗೆ ಮೂರು ಪತ್ರ ಬರೆದೆವು. ‘ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ’ ಅಂತ ಉತ್ತರ ಬಂತು. ಮೂರಕ್ಕೂ ಅದೇ ಉತ್ತರ. ಅಕ್ಷರ ಸಹ ಹೆಚ್ಚುಕಮ್ಮಿ ಇಲ್ಲ.

ಈಗ ಮಳೆ. ಇಲ್ಲಿ ತೋಟದವರು ಮಳೆ ಲೆಕ್ಕ ಹಾಕುವುದೇ ಇಂಚಿನಲ್ಲಿ. ‘ಎಷ್ಟು ಬಿತ್ತು?’ ಅಂದರೆ ‘ಎರಡೂವರೆ’ ಅನ್ನುತ್ತಾರೆ, ಮುಂದಿನದು ಹೇಳುವ ಅಗತ್ಯವೇ ಇಲ್ಲ. ಕೈಪಿಡಿಗೆ ಮಿಲಿಮೀಟರೇ ಬೇಕು. ಇರಲಿ, ಪರಿವರ್ತಿಸಿಕೊಳ್ಳಲಿ. ಆದರೆ ‘ರಸ್ತೆಯನ್ನು ಇಂಚಿಂಚೂ ಬಿಡದೆ ಅಗೆದಿದ್ದಾರೆ’ ಎಂಬ ದೂರನ್ನೂ ಅದು ‘25.4 ಮಿ.ಮೀ. 25.4 ಮಿ.ಮೀ.ಯೂ ಬಿಡದೆ’ ಮಾಡಿಟ್ಟಿತು. ಗುತ್ತಿಗೆದಾರನಿಗೂ ಇಷ್ಟು ನಿಖರ ಲೆಕ್ಕ ಗೊತ್ತಿರಲಿಕ್ಕಿಲ್ಲ.

ಮೊನ್ನೆ ಒಂದು ಸೇತುವೆಯ ಸುದ್ದಿ ಬಂತು. ‘ಕಾಮಗಾರಿ ಶೀಘ್ರದಲ್ಲೇ ಆರಂಭ.’ ಎಲ್ಲೋ ಓದಿದ ಹಾಗಿದೆ ಅನ್ನಿಸಿ ಹಳೇ ಫೈಲು ತೆಗೆದೆ. ಹೋದ ವರ್ಷ ಶೀಘ್ರ. ಅದರ ಹಿಂದಿನ ವರ್ಷ ಶೀಘ್ರ. ಐದು ಮಳೆಗಾಲದಿಂದ ಶೀಘ್ರವೇ. ಸಾಫ್ಟ್‌ವೇರ್ ಐದಕ್ಕೂ ಹಸಿರು ಕೊಟ್ಟಿತು, ಜೊತೆಗೆ ‘ಪದಬಳಕೆಯಲ್ಲಿ ಏಕರೂಪತೆ ಉತ್ತಮ’ ಅಂತ ಬೆನ್ನು ತಟ್ಟಿತು. ನಾನು ಸಿಟ್ಟಿನಲ್ಲಿ ‘ಶೀಘ್ರದಲ್ಲೇ ಅಂದು ಐದು ವರ್ಷವಾಯಿತು’ ಅಂತ ತಿದ್ದಿದೆ. ತಕ್ಷಣ ಕೆಂಪು. ‘ಈ ಸೇತುವೆಯ ಬಗ್ಗೆ ಹಿಂದಿನ ವರದಿಗಳಿಗೆ ಹೊಂದುತ್ತಿಲ್ಲ. ನೀವು ಹೇಳಬಯಸಿದ್ದು: ಶೀಘ್ರದಲ್ಲೇ ಆರಂಭ?’

ರಾತ್ರಿ ಹತ್ತಾಗಿತ್ತು, ಪುಟ ಕಾಯುತ್ತಿತ್ತು. ಒತ್ತಿದೆ.

ಮರುದಿನ ಆ ಊರಿನ ವರದಿಗಾರನ ಫೋನು. ಮಳೆ ಸದ್ದಿಗೆ ಮಾತು ಅರ್ಧಂಬರ್ಧ ಕೇಳಿಸುತ್ತಿತ್ತು.

‘ಸಾರ್, ಹೊಳೆ ತುಂಬಿದೆ. ನಾನು ಆಚೆ ದಡದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಫೋಟೋ ತೆಗೆಯೋಕೆ ಬರಕ್ಕಾಗಲ್ಲ.’

‘ಸುದ್ದಿಯಾದ್ರೂ ಕಳಿಸು ಮಾರಾಯ.’

‘ಹೋದ ವರ್ಷದ್ದೇ ಕಳಿಸ್ಲಾ ಸಾರ್? ಅದು ಹೆಂಗೂ ಹಸಿರಾಗಿದೆಯಲ್ಲ.’