ಕರಾವಳಿಯ ಬೇಸಿಗೆಯಲ್ಲಿ ಫುಟ್ಬಾಲ್ ಪಂದ್ಯಗಳನ್ನು ರಾತ್ರಿಗೆ ತಳ್ಳಬೇಕೆ?

ಪರ

ಎಪ್ರಿಲ್‌ನಲ್ಲಿ ಮಂಗಳೂರಿನ ಉಷ್ಣಾಂಶ 34 ಡಿಗ್ರಿ ಎಂದರೆ ಕಲಬುರಗಿಯವರಿಗೆ ನಗು ಬಂದೀತು. ಆದರೆ ಇಲ್ಲಿ ಆಟಗಾರನನ್ನು ಕೆಡವುವುದು ಬಿಸಿಲಿಗಿಂತ ಹೆಚ್ಚಾಗಿ ಆರದ ಬೆವರು. ಅದಕ್ಕೇ ಫುಟ್ಬಾಲ್‌ನಲ್ಲಿ ನೋಡಬೇಕಾದದ್ದು ವೆಟ್ ಬಲ್ಬ್ ಗ್ಲೋಬ್ ಸೂಚ್ಯಂಕ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಂಕಿಗೆ 0.7, ಬಿಸಿಲಲ್ಲಿಟ್ಟ ಕಪ್ಪು ಗೋಳದ್ದಕ್ಕೆ 0.2, ನೆರಳಿನ ಗಾಳಿಯದ್ದಕ್ಕೆ 0.1 ತೂಕ. ಸಂಜೆ ನಾಲ್ಕಕ್ಕೆ ಒದ್ದೆಯದು 28, ಗೋಳದ್ದು 46, ಗಾಳಿಯದು 34 ಇದೆ ಎನ್ನಿ: ಸೂಚ್ಯಂಕ 32.2. ಆಟಗಾರರ ಒಕ್ಕೂಟ ಫಿಫ್‌ಪ್ರೊ 26ಕ್ಕೇ ಕೂಲಿಂಗ್ ಬ್ರೇಕ್ ಕೇಳುತ್ತದೆ, 28 ದಾಟಿದರೆ ಪಂದ್ಯವನ್ನೇ ಮುಂದೂಡಿ ಎನ್ನುತ್ತದೆ.

ರಾತ್ರಿ ಎಂಟಕ್ಕೆ ಒದ್ದೆಯದು 26, ಉಳಿದೆರಡು 29ಕ್ಕೆ ಇಳಿದರೆ ಸೂಚ್ಯಂಕ 26.9. ಸೆಖೆ ಹಾಗೇ ಇರುತ್ತದೆ, ನಿಜ. ಹೋಗುವುದು ಸೂರ್ಯನ ಪಾಲು. ಸಿಂಥೆಟಿಕ್ ಟರ್ಫ್ ಆದರಂತೂ ಈ ವ್ಯತ್ಯಾಸ ಬೂಟಿನ ಅಟ್ಟೆಗೇ ಗೊತ್ತಾಗುತ್ತದೆ. 2022ರಲ್ಲಿ ಕತಾರ್‌ಗಾಗಿ ವಿಶ್ವಕಪ್ಪನ್ನೇ ನವೆಂಬರ್‌ಗೆ ಒಯ್ದರು. ನಾವು ಕೇಳುತ್ತಿರುವುದು ನಾಲ್ಕು ತಾಸಿನ ಮುಂದೂಡಿಕೆ ಅಷ್ಟೆ.

ವಿರೋಧ

ಲೆಕ್ಕ ಸರಿಯಿದೆ, ಮದ್ದು ಅರ್ಧ. ನಮ್ಮ ಟೂರ್ನಿಗಳಲ್ಲಿ ತಂಡಗಳು ಬಸವಳಿಯುವುದು ಇಂದು ಆಡಿ ನಾಳೆ ಮತ್ತೆ ಆಡುವುದರಿಂದ. ಸ್ನಾಯುವಿನಲ್ಲಿ ಓಟದ ಇಂಧನವಾಗಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಪೂರ್ತಿ ತುಂಬಲು 48ರಿಂದ 72 ಗಂಟೆ ಬೇಕು. ರಾತ್ರಿ ಹತ್ತಕ್ಕೆ ಪಂದ್ಯ ಮುಗಿದರೆ ಊಟ, ಸ್ನಾನ ಆಗಿ ಕಣ್ಣು ಮುಚ್ಚುವಾಗ ಒಂದು ಗಂಟೆ. ನಿದ್ದೆಯೂ ಹೋಯಿತು.

2012ರಲ್ಲಿ ಪ್ರಕಟವಾದ ಅಧ್ಯಯನವೊಂದು 43 ಡಿಗ್ರಿಯ ಪಂದ್ಯವನ್ನು 21 ಡಿಗ್ರಿಯ ಪಂದ್ಯದ ಜತೆ ಹೋಲಿಸಿತು. ಒಟ್ಟು ಓಟ ಶೇ 7, ವೇಗದ ಓಟ ಶೇ 26 ಇಳಿದಿತ್ತು. ಗುರಿ ಮುಟ್ಟಿದ ಪಾಸುಗಳು ಮಾತ್ರ ಹೆಚ್ಚಿದ್ದವು. ಬಲ್ಲ ತಂಡ ಸೆಖೆಯಲ್ಲಿ ಪ್ರೆಸ್ಸಿಂಗ್ (ಎದುರಾಳಿಯ ಮೇಲೆ ಮುಗಿಬಿದ್ದು ಚೆಂಡು ಕಸಿಯುವ ಆಟ) ಬಿಟ್ಟು ಚೆಂಡು ಹಿಡಿದಿಡುತ್ತದೆ, ಐದು ಬದಲಿಗಳಲ್ಲಿ ಮೂರನ್ನು ವಿಂಗ್, ಮಿಡ್‌ಫೀಲ್ಡಿಗೆ ಕಾದಿರಿಸುತ್ತದೆ. ಸೆಖೆಗೆ ಮೈ ಒಗ್ಗಲು 10ರಿಂದ 14 ದಿನದ ಅಭ್ಯಾಸ ಸಾಕು. ಸಂಜೆ ನಾಲ್ಕಕ್ಕೇ ಅಭ್ಯಾಸ ಮಾಡುವ ನಮ್ಮ ಹುಡುಗರಿಗೆ ಅದು ಸಿಕ್ಕೇ ಇದೆ, ಅದನ್ನೇಕೆ ಬಿಟ್ಟುಕೊಡಬೇಕು?

ಎಡವಟ್ಟಾಗುವುದು ನೀರಿನಲ್ಲಿ. ಪಂದ್ಯದ ಮುಂಚೆ, ಮುಗಿದ ಮೇಲೆ ಬೆವರು ಒರೆಸಿ ತೂಕ ನೋಡಿ. 68 ಕೆ.ಜಿ.ಯವನು 66.5ಕ್ಕೆ ಇಳಿದಿದ್ದರೆ ಶೇ 2 ದಾಟಿತು. ಓಟವೂ ಕುಗ್ಗುತ್ತದೆ, ತಲೆಯೂ ಓಡುವುದಿಲ್ಲ. ಮುಂದಿನ ನಾಲ್ಕೈದು ಗಂಟೆಯಲ್ಲಿ ಸುಮಾರು 2 ಲೀಟರ್ ಸ್ವಲ್ಪಸ್ವಲ್ಪವಾಗಿ ಒಳಹೋಗಬೇಕು. ಬೊಂಡ (ಎಳನೀರು) ಕುಡಿಸಿದರೆ ಮುಗಿಯಿತು ಎಂಬ ನಂಬಿಕೆ ಇಲ್ಲಿ ಗಟ್ಟಿ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೋಗುವ ಸೋಡಿಯಂ ಕಮ್ಮಿ. ಉಪ್ಪು ಹಾಕಿದ ಗಂಜಿ ತಿಳಿ ಅದಕ್ಕಿಂತ ಮೇಲು. ಬರೀ ನೀರನ್ನೇ ಲೀಟರುಗಟ್ಟಲೆ ಸುರಿದರೆ ರಕ್ತದ ಸೋಡಿಯಂ ಕುಸಿಯುವ ಅಪಾಯವಿದೆ.

ಕೊನೆಗೆ, ಮೈದಾನದ ಬದಿಗೆ ಒಂದು ದೊಡ್ಡ ಟಬ್, ಮೀನುಗಾರಿಕೆ ಧಕ್ಕೆಯಿಂದ ತಂದ ಐಸ್. ಆಟಗಾರ ತೊದಲಿದರೆ, ದಿಕ್ಕು ತಪ್ಪಿ ನಡೆದರೆ ಉಷ್ಣಾಘಾತವೆಂದೇ ಹಿಡಿದು, ತಲೆ ಮೇಲಿರುವಂತೆ ಕುತ್ತಿಗೆಯವರೆಗೆ ಮುಳುಗಿಸಿ. ಮೊದಲು ತಂಪು, ಆಮೇಲೆ ಆಂಬ್ಯುಲೆನ್ಸ್ ಪ್ರಯಾಣ. ಈ ಟಬ್ ಇಡಲಾಗದ ಸಂಘಟಕರು ಮಾತ್ರ ನಾಲ್ಕರ ಪಂದ್ಯದ ಆಸೆ ಬಿಡಲಿ.